ರವೆ ಇಡ್ಲಿಯೂ ಡಚ್ ಮಕ್ಕಳೂ

ರವೆ ಇಡ್ಲಿ ಹುಟ್ಟಿದ ಕತೆ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರುತ್ತೆ. ಎರಡನೇ ಮಹಾಯುದ್ಧದ ಕಾಲ. 1942ರಲ್ಲಿ ಬರ್ಮಾ ಜಪಾನೀಯರ ಕೈಗೆ ಹೋಯಿತು, ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಬೆಂಗಳೂರಿನಲ್ಲಿ ಮಯ್ಯ ಸಹೋದರರು 1924ರಲ್ಲಿ ಶುರು ಮಾಡಿದ್ದ ಹೋಟೆಲು (ಮುಂದೆ ಎಂಟಿಆರ್ ಅಂತ ಹೆಸರಾದದ್ದು) ಅಕ್ಕಿಗೆ ಬರ ಬಂದಾಗ ಗೋಧಿ ರವೆಯಲ್ಲಿ ಇಡ್ಲಿ ಬೇಯಿಸಿ ನೋಡಿತಂತೆ. ಆ ಹೋಟೆಲಿನವರೇ ಹೇಳಿಕೊಂಡು ಬಂದಿರುವ ಕತೆ ಇದು.

ಈಗ ಅದೇ ಯುದ್ಧದ ಇನ್ನೊಂದು ಕತೆ ಕೇಳಿ. 1944-45ರ ಚಳಿಗಾಲ, ಹಾಲೆಂಡು. ಜರ್ಮನ್ನರು ಆಹಾರ ಸಾಗಣೆಗೆ ಅಡ್ಡ ಹಾಕಿದ್ದರಿಂದ ಅಲ್ಲಿನ ಪಟ್ಟಣಗಳಲ್ಲಿ ಬ್ರೆಡ್ಡೇ ಇಲ್ಲ. ಜನ ಟುಲಿಪ್ ಹೂವಿನ ಗೆಡ್ಡೆ ಬೇಯಿಸಿ ತಿಂದರು. ಸುಮಾರು 20 ಸಾವಿರ ಮಂದಿ ಸತ್ತರು. ಆದರೆ ವಿಲೆಮ್ ಡಿಕೆ ಎಂಬ ಮಕ್ಕಳ ಡಾಕ್ಟರು ಒಂದು ವಿಚಿತ್ರ ಕಂಡರು. ಸೀಲಿಯಾಕ್ ಅನ್ನುವ ಹೊಟ್ಟೆಯ ಕಾಯಿಲೆಯಿಂದ ಕಡ್ಡಿಯಾಗಿದ್ದ ಕೆಲವು ಮಕ್ಕಳು ಊರೆಲ್ಲ ಹಸಿದಿದ್ದಾಗಲೇ ಚೇತರಿಸಿಕೊಳ್ಳುತ್ತಿದ್ದರು! ಯುದ್ಧ ಮುಗಿದು ಬ್ರೆಡ್ಡು ಮರಳಿ ಬಂತು, ಮಕ್ಕಳು ಮತ್ತೆ ಮಲಗಿದರು.

ಡಿಕೆಗೆ ಗೋಧಿಯ ಮೇಲೆ ಯುದ್ಧಕ್ಕೂ ಮೊದಲೇ ಗುಮಾನಿ ಇತ್ತು. ಹಸಿವಿನ ಆ ಚಳಿಗಾಲ ಅದನ್ನು ಗಟ್ಟಿ ಮಾಡಿತು. 1950ರಲ್ಲಿ ಅವರು ಇದರ ಮೇಲೆ ಮಹಾಪ್ರಬಂಧ ಬರೆದರು. ಗೋಧಿಯ ಹಿಟ್ಟನ್ನು ಅಂಟಂಟಾಗಿಸುವ ಗ್ಲುಟೆನ್ನೇ ತಪ್ಪಿತಸ್ಥ ಅಂತ ಅವರೂ ಸಂಗಡಿಗರೂ ಮುಂದಿನ ಕೆಲವೇ ವರ್ಷಗಳಲ್ಲಿ ತೋರಿಸಿಕೊಟ್ಟರು. ಅದಕ್ಕೂ ಮೊದಲು ಎಲ್ಲ ಕತ್ತಲಲ್ಲಿ ತಡಕಾಟ. 1888ರಲ್ಲಿ ಲಂಡನ್ನಿನ ಸ್ಯಾಮ್ಯುಯೆಲ್ ಗೀ ಈ ಕಾಯಿಲೆಯನ್ನು ವಿವರವಾಗಿ ಬರೆದು, ವಾಸಿಯಾಗುವುದಾದರೆ ಆಹಾರದಿಂದಲೇ ಅಂದಿದ್ದರು. ಆದರೆ ಯಾವ ಆಹಾರ ಅಂತ ಗೊತ್ತಿರಲಿಲ್ಲ. 1924ರಲ್ಲಿ ನ್ಯೂಯಾರ್ಕಿನ ಸಿಡ್ನಿ ಹಾಸ್ ಮಕ್ಕಳಿಗೆ ಬಾಳೆಹಣ್ಣು ತಿನ್ನಿಸಿದರು. ಮಕ್ಕಳು ಚೇತರಿಸಿಕೊಂಡರು, ಬಾಳೆಹಣ್ಣಿಗೆ ಹೆಸರು ಬಂತು. ಅಸಲಿಗೆ ಗುಣವಾಗಿದ್ದು ಆ ಪಥ್ಯದಲ್ಲಿ ಬ್ರೆಡ್ ಇಲ್ಲದ್ದರಿಂದ!

ಬ್ಯಾಂಕಿನವನ ಕಣ್ಣಿಗೆ ಇದು ಎರಡು ಕಡೆಯ ಲೆಕ್ಕದ ಹಾಗೆ ಕಾಣುತ್ತೆ. ಒಂದೇ ಯುದ್ಧ ಅಲ್ಲಿ ಗೋಧಿಯನ್ನು ಖರ್ಚಿಗೆ ಬರೆಯಿತು, ಇಲ್ಲಿ ನಮ್ಮ ಇಡ್ಲಿ ತಟ್ಟೆಗೆ ಜಮಾ ಮಾಡಿತು.

ಹಾಗಂತ ನಮಗೆ ಗೋಧಿ ಹೊಸದೇನಲ್ಲ. ಧಾರವಾಡದ ಕಡೆ ಗೋಧಿ ಹುಗ್ಗಿ ಇತ್ತು. ಹಳೆ ಮೈಸೂರಿನ ಮನೆಗಳಲ್ಲಿ ಹಬ್ಬಕ್ಕೆ ಹೋಳಿಗೆ, ಶನಿವಾರದ ಒಪ್ಪೊತ್ತಿಗೆ ಉಪ್ಪಿಟ್ಟು. ಆದರೆ ದಿನದ ಊಟ ಅಂದರೆ ಅನ್ನ, ಮುದ್ದೆ, ಜೋಳದ ರೊಟ್ಟಿ. ಈ ಮೂರರಲ್ಲೂ ಗ್ಲುಟೆನ್ ಇಲ್ಲ. ಗೋಧಿ ದಿನದ ಊಟವಾದದ್ದು ಆಮೇಲೆ. ಮುಂಬಯಿಯಲ್ಲಿ 1943ರಲ್ಲಿ ರೇಷನ್ ಬಂತು. 1956ರ ಒಪ್ಪಂದದ ನಂತರ ಅಮೆರಿಕದ ಪಿಎಲ್-480 ಗೋಧಿ ಹಡಗುಗಟ್ಟಲೆ ಬಂದು ಇಳಿಯಿತು. ಅಮೇಲೆ ಹಸಿರು ಕ್ರಾಂತಿ. ಜೋಳ ರಾಗಿಗಳು "ಹಳ್ಳಿ ಊಟ" ಆದವು, ಚಪಾತಿ ಪಟ್ಟಣದ ಊಟವಾಯಿತು. ನಮ್ಮಂತೆ ಊರು ಬಿಟ್ಟು ಬಂದವರ ಮನೆಗಳಲ್ಲಿ ಇದು ಇನ್ನೂ ಬೇಗ ಆಯಿತು. ಬೆಳಿಗ್ಗೆ ಪಾವ್, ಮಕ್ಕಳ ಡಬ್ಬಿಗೆ ಚಪಾತಿ, ಸಂಜೆಗೆ ಬಿಸ್ಕತ್ತು.

ಇದನ್ನು ಯಾಕೆ ಹೇಳ್ತಿದೀನಿ ಅಂದ್ರೆ, 2016ರಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. ಉತ್ತರ ಭಾರತದಲ್ಲಿ ನೂರಕ್ಕೆ 1.23 ಮಂದಿಗೆ ಸೀಲಿಯಾಕ್ ಕಂಡಿತು, ದಕ್ಷಿಣದಲ್ಲಿ 0.10 ಮಾತ್ರ. ಈ ಕಾಯಿಲೆಗೆ ದಾರಿ ಮಾಡಿಕೊಡುವ ಜೀನುಗಳು ಎರಡೂ ಕಡೆಯ ಜನರಲ್ಲಿ ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿದ್ದವು. ದೊಡ್ಡ ವ್ಯತ್ಯಾಸ ಇದ್ದದ್ದು ತಿನ್ನುವ ಗೋಧಿಯಲ್ಲಿ. ಗೋಧಿ ತಿಂದವರಿಗೆಲ್ಲ ಕಾಯಿಲೆ ಬರುತ್ತೆ ಅಂತ ಇದರ ಅರ್ಥ ಅಲ್ಲ, ಬಹುಪಾಲು ಜನಕ್ಕೆ ಏನೂ ಆಗಲ್ಲ. ಆದರೆ "ಇದು ಪಂಜಾಬಿಗಳ ಕಾಯಿಲೆ, ನಮಗೆಲ್ಲಿ ಬರುತ್ತೆ" ಅನ್ನೋ ಹಾಗೂ ಇಲ್ಲ.

ನನ್ನ ಮಗಳ ವಿಷಯದಲ್ಲಿ ಆದದ್ದೇ ಇದು. ರಕ್ತಹೀನತೆ ಅಂತ ಎರಡು ವರ್ಷ ಕಬ್ಬಿಣದ ಮಾತ್ರೆ ಕೊಟ್ಟರು, ಮಗು ಬೆಳೆಯಲಿಲ್ಲ. ದಕ್ಷಿಣದವರು ಅಂತ ಆ ಡಾಕ್ಟರಿಗೆ ಈ ಪರೀಕ್ಷೆ ನೆನಪಿಗೇ ಬರಲಿಲ್ಲ. ಕೊನೆಗೆ ಇನ್ನೊಬ್ಬರು ರಕ್ತಪರೀಕ್ಷೆ ಮಾಡಿಸಿ, ಕರುಳಿನ ಚೂರು ತೆಗೆದು ನೋಡಿ ಹೇಳಿದರು. ಇದಕ್ಕೆ ಮಾತ್ರೆ ಇಲ್ಲ, ಗೋಧಿ, ಬಾರ್ಲಿ, ರೈ ಜೀವನಪೂರ್ತಿ ಬಿಡಬೇಕು. (ಅನುಮಾನ ಇದ್ದವರು ಪರೀಕ್ಷೆಗೆ ಮೊದಲೇ ಗೋಧಿ ಬಿಡಬೇಡಿ, ರಕ್ತದಲ್ಲಿ ಸುಳಿವು ಸಿಗದೇ ಹೋಗಬಹುದು.)

ಮನೆಯ ಅಡುಗೆ ಕಷ್ಟವಾಗಲಿಲ್ಲ. ನನ್ನವಳು ಅವಳ ಅಜ್ಜಿಯ ಅಡುಗೆಗೆ ಹಿಂದಿರುಗಿದಳು, ಅಷ್ಟೆ. ಅಕ್ಕಿ ರೊಟ್ಟಿ, ರಾಗಿ ದೋಸೆ, ನೀರುದೋಸೆ, ಹೆಸರುಬೇಳೆ ಪಾಯಸ. ಜೋಳವನ್ನು ತೊಳೆದು ಒಣಗಿಸಿ ಮನೆಯಲ್ಲೇ ಹಿಟ್ಟು ಮಾಡ್ತೀವಿ, ಯಾಕಂದ್ರೆ ಗಿರಣಿಯಲ್ಲಿ ನಮಗಿಂತ ಮುಂದಿನವರು ಗೋಧಿ ಬೀಸಿರುತ್ತಾರೆ.

ಹೊರಗಿನ ಊಟದಲ್ಲಿ ನಮ್ಮ ಕೈ ಹಿಡಿದದ್ದು ಮಾಟುಂಗಾ. ಕೆಫೆ ಮದ್ರಾಸ್ 1940ರದ್ದು, ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರದ್ದು. ಅಂದರೆ ರವೆ ಇಡ್ಲಿಯ ಓರಗೆಯವು! ಊರು ಬಿಟ್ಟು ಬಂದವರಿಗೆ ಅನ್ನ ಸಾರು ಹಾಕಲು ಹುಟ್ಟಿದ ಇಂಥ ಹೋಟೆಲುಗಳ ಮೂಲ ಅಡುಗೆ ಅಕ್ಕಿ-ಉದ್ದಿನದು. ಆದರೂ ಕಣ್ಣು ಮುಚ್ಚಿ ತಿನ್ನುವ ಹಾಗಿಲ್ಲ. ರವೆ ದೋಸೆ, ಶಿರಾ, ಉಪ್ಪಿಟ್ಟು, ಪೂರಿ, ಗೋಳಿಬಜೆ ಬೇಡವೇ ಬೇಡ. ಉದ್ದಿನ ವಡೆಯಲ್ಲಿ ಗೋಧಿ ಇಲ್ಲ, ಆದರೆ ಪೂರಿ ಕರಿದ ಬಾಣಲೆಯಲ್ಲೇ ವಡೆಯನ್ನೂ ಬಿಟ್ಟಿರಬಹುದು. ರವೆ ದೋಸೆ ಹುಯ್ದ ಕಾವಲಿಯಲ್ಲೇ ಸಾದಾ ದೋಸೆ ಬರಬಹುದು. ಎಲ್ಲಕ್ಕಿಂತ ಮೋಸಗಾರ ಇಂಗು. ಡಬ್ಬಿಯಲ್ಲಿ ಬರುವ ಇಂಗಿಗೆ ಬಹಳ ಸಲ ಮೈದಾ ಬೆರೆಸಿರುತ್ತಾರೆ, ಹಾಗಾಗಿ ಸಾಂಬಾರು, ರಸಂ ಎರಡೂ ವಿಚಾರಿಸಿಯೇ ತಿನ್ನಬೇಕು. ಹಬೆಯಲ್ಲಿ ಬೆಂದ ಅಕ್ಕಿ ಇಡ್ಲಿ, ಕಾಯಿಚಟ್ನಿಗೆ ಒಗ್ಗರಣೆ ಬೇಡ ಅಂತ ಹೇಳಿದರೆ ಅವಳಿಗೆ ನೆಮ್ಮದಿ.

1995ರಲ್ಲಿ ಮಹಾರಾಷ್ಟ್ರ ಸರ್ಕಾರ ಒಂದು ರೂಪಾಯಿಗೆ ಝುಣಕಾ-ಭಾಕರ್ ಕೊಡುವ ಗಾಡಿಗಳನ್ನು ಶುರು ಮಾಡಿತ್ತು, ನೆನಪಿದೆಯೇ? ಕಡಲೆಹಿಟ್ಟು, ಜೋಳದ ರೊಟ್ಟಿ. ಬಡವರ ಊಟ ಅಂತ ನಮ್ಮ ಆಫೀಸಿನಲ್ಲಿ ಯಾರೂ ಆ ಕಡೆ ತಿರುಗಿ ನೋಡುತ್ತಿರಲಿಲ್ಲ. ಕೆಲವೇ ವರ್ಷಗಳಲ್ಲಿ ಆ ಯೋಜನೆ ನಿಂತಿತು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಆಚರಿಸಿತು. ಈಗ ಮಾಲ್‌ಗಳಲ್ಲಿ ಅದೇ ಜೋಳದ ಹಿಟ್ಟು "ಗ್ಲುಟೆನ್ ಫ್ರೀ" ಚೀಟಿ ಹಚ್ಚಿಕೊಂಡು ದುಬಾರಿ ಬೆಲೆಗೆ ಕೂತಿದೆ! ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇದ್ದರೆ ಆ ಹೆಸರು ಹಾಕುವಂತಿಲ್ಲ ಅನ್ನೋ ನಿಯಮ ಇರೋದರಿಂದ ನಾವು ಕೆಲವು ಸಲ ಅದನ್ನೂ ಕೊಳ್ತೀವಿ.

ಕೆಲವರಿಗೆ ಗೋಧಿ ಬಿಡೋದು ಫ್ಯಾಷನ್ ಇರಬಹುದು. ಹೋಟೆಲಿನಲ್ಲಿ ಪಕ್ಕದ ಟೇಬಲ್ಲಿನ ಹುಡುಗಿ ಮಾಣಿಯನ್ನು ಕರೆದು "ಇಂಗು ಯಾವುದಣ್ಣಾ?" ಅಂತ ಕೇಳಿದರೆ ದಯವಿಟ್ಟು ನಗಬೇಡಿ. ಆ ಪ್ರಶ್ನೆಯ ಹಿಂದೆ ಹಸಿವಿನ ಒಂದು ಚಳಿಗಾಲದ ಪಾಠ ಇದೆ.