ಹಸಿ ಹಾಪಿನ ಬೀರು: ರುಚಿನಿರ್ಣಯದ ಚರಿತ್ರೆಯಲ್ಲಿ ಒಂದು ಪ್ರಕರಣ

ಪಾನೀಯವೊಂದರ ಗುಣದೋಷಗಳನ್ನು ನಿರ್ಣಯಿಸುವವರು ಯಾರು, ಯಾವ ಅಳತೆಗೋಲಿನಿಂದ ನಿರ್ಣಯಿಸುತ್ತಾರೆ ಎಂಬುದು ಮೊದಲ ನೋಟಕ್ಕೆ ಇತಿಹಾಸದ ಪ್ರಶ್ನೆಯೆಂದು ತೋರದು. ನಾಲಗೆಯ ಅನುಭವ ಕ್ಷಣಿಕವಾದುದು. ಅದು ಶಾಸನ ಬರೆಯಿಸುವುದಿಲ್ಲ, ನಾಣ್ಯ ಟಂಕಿಸುವುದಿಲ್ಲ. ಆದರೂ ಬೀರಿನ ರುಚಿಯನ್ನು ಕುರಿತ ತೀರ್ಪುಗಳು ಯೂರೋಪು ಅಮೆರಿಕಗಳಲ್ಲಿ ಜನರಿಗೆ ದಂಡ ವಿಧಿಸಿವೆ. ಬೆಳೆಯ ತಳಿಗಳನ್ನು ಎತ್ತಿಹಿಡಿದಿವೆ, ಮೂಲೆಗೂ ತಳ್ಳಿವೆ. ಆಗತಾನೆ ಕೊಯ್ದ ಹಾಪನ್ನು ಹಾಕಿ ತಯಾರಿಸಿದ ಬೀರನ್ನು ಸವಿದು ತೂಗುವ ಪದ್ಧತಿ ಈ ಚರಿತ್ರೆಯ ತೀರ ಈಚಿನ ಘಟ್ಟ. ಅದನ್ನು ಹಿಂದಿನ ಘಟ್ಟಗಳ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಪಾನವನ್ನು ಹೊಗಳುವುದಾಗಲಿ ತೆಗಳುವುದಾಗಲಿ ನಮ್ಮ ಕೆಲಸವಲ್ಲ.

ನಮ್ಮ ನಾಡಿನ ವಾಚಕರಿಗೆ ಹಾಪ್ ಪರಿಚಿತವಾದ ಬೆಳೆಯಲ್ಲವಾದ್ದರಿಂದ ಅದರ ಸ್ವರೂಪವನ್ನು ಎರಡು ಮಾತಿನಲ್ಲಿ ಹೇಳಬೇಕಾಗಿದೆ. ಅದು ಗಾಂಜಾ ಗಿಡದ ಕುಲಕ್ಕೆ ಸೇರಿದ ಬಳ್ಳಿ. ಹೆಣ್ಣು ಬಳ್ಳಿಯಲ್ಲಿ ಹಸುರು ಪಕಳೆಗಳು ಒಂದರ ಮೇಲೊಂದು ಹೊದಿಸಿದಂಥ ಸಣ್ಣ ತೆನೆಗಳು ಬಿಡುತ್ತವೆ. ಪಕಳೆಗಳ ಬುಡದಲ್ಲಿರುವ ಹಳದಿ ಪುಡಿಯೇ ಸಾರ. ಅದರ ರಾಳ ಬೀರಿಗೆ ಕಹಿಯನ್ನೂ ಕೆಡದಿರುವ ಗುಣವನ್ನೂ ಕೊಡುತ್ತದೆ, ಅದರ ತೈಲ ಪರಿಮಳವನ್ನು ಕೊಡುತ್ತದೆ. ಬೇಸಗೆಯ ದೀರ್ಘವಾದ ಹಗಲನ್ನು ಬೇಡುವ ಬೆಳೆಯಾದ್ದರಿಂದ ಕನ್ನಡ ನಾಡಿನಂಥ ಕೆಳ ಅಕ್ಷಾಂಶದಲ್ಲಿ ಅದು ಸಹಜವಾಗಿ ಫಲಿಸದು. ಆಗಸ್ಟ್ ಕೊನೆಯಲ್ಲಿಯೂ ಸೆಪ್ಟೆಂಬರಿನಲ್ಲಿಯೂ ಕೊಯ್ದ ಹಸಿ ತೆನೆಯ ತೂಕದಲ್ಲಿ ಮುಕ್ಕಾಲು ಪಾಲಿಗೂ ಮಿಕ್ಕು ನೀರೇ ಇರುತ್ತದೆ. ರಾಶಿ ಹಾಕಿದರೆ ಕೆಲವೇ ಗಂಟೆಗಳಲ್ಲಿ ಬಿಸಿಯೇರಿ ಕೊಳೆಯತೊಡಗುತ್ತದೆ. ಆದಕಾರಣ ಬಿಸಿಗಾಳಿಯಲ್ಲಿ ಒಣಗಿಸಿ ತೇವವನ್ನು ಸುಮಾರು 10 ಪ್ರತಿಶತಕ್ಕೆ ಇಳಿಸುವುದು ರೂಢಿ. ವ್ಯಾಪಾರದಲ್ಲಿ ಹಾಪ್ ಎಂದರೆ ಒಣಹಾಪೇ.

ಬೀರಿನ ತೀರ್ಪುಗಾರರಲ್ಲಿ ಮೊದಲು ನೆನೆಯಬೇಕಾದವರು ಮಧ್ಯಯುಗದ ಇಂಗ್ಲೆಂಡಿನ ಏಲ್ ಪರೀಕ್ಷಕರು. ಸಾಮಾನ್ಯವಾಗಿ 1266–67ರದೆಂದು ಗಣಿಸಲಾಗುವ ರೊಟ್ಟಿ ಮತ್ತು ಏಲ್ ಪಾನೀಯದ ಕಟ್ಟಳೆಯನ್ನು ಜಾರಿಗೊಳಿಸುವುದು ಅವರ ಹೊಣೆ. ತಯಾರಿಸಿದ ಏಲನ್ನು ಸವಿದು, ಅದು ಸತ್ತ್ವಯುತವಾಗಿದೆಯೆ, ಹೇಳಿದ ಬೆಲೆಗೆ ತಕ್ಕುದೆ ಎಂದು ನೋಡಿ, ತಪ್ಪಿದವರನ್ನು ಸ್ಥಳೀಯ ನ್ಯಾಯಸಭೆಗೆ ಒಪ್ಪಿಸುತ್ತಿದ್ದರು. ಮಹಾಕವಿ ಷೇಕ್ಸ್‌ಪಿಯರನ ತಂದೆ ಜಾನ್ 1556ರಲ್ಲಿ ಸ್ಟ್ರ್ಯಾಟ್‌ಫರ್ಡಿನಲ್ಲಿ ಈ ಹುದ್ದೆಗೆ ನಿಯುಕ್ತನಾದನು. ಪರೀಕ್ಷಕನು ತೊಗಲು ಚಲ್ಲಣ ತೊಟ್ಟು, ಬೆಂಚಿನ ಮೇಲೆ ಏಲ್ ಸುರಿದು, ಅದರ ಮೇಲೆ ಕುಳಿತು, ಅಂಟುವುದೋ ಇಲ್ಲವೋ ಎಂದು ನೋಡುತ್ತಿದ್ದನೆಂಬ ಕಥೆ ಬಹಳ ಪ್ರಚಾರದಲ್ಲಿದೆ. ಸ್ವಾರಸ್ಯವಾದ ಕಥೆ, ಆದರೆ ಸಮಕಾಲೀನ ದಾಖಲೆಗಳ ಆಧಾರವಿಲ್ಲದ್ದು. ನಮಗೆ ಮುಖ್ಯವಾದುದು ಬೇರೆ: ಕಟ್ಟಳೆಯ ಕಾಲದ ಏಲಿನಲ್ಲಿ ಹಾಪ್ ಇರಲಿಲ್ಲ. ಹಾಪ್ ಹಾಕಿದ ಬೀರು ತಗ್ಗುನಾಡುಗಳಿಂದ ಕಡಲು ದಾಟಿ ಬಂದುದು. ಕೆಂಟ್ ಪ್ರಾಂತದಲ್ಲಿ ಅದರ ಬೇಸಾಯ ಬೇರೂರಿದುದು 16ನೆಯ ಶತಮಾನದಲ್ಲಿ. ಹಾಪ್ ತೋಟವನ್ನು ಕುರಿತ ರೆಜಿನಾಲ್ಡ್ ಸ್ಕಾಟನ ಇಂಗ್ಲಿಷ್ ಕೈಪಿಡಿ 1574ರಲ್ಲಿ ಅಚ್ಚಾಯಿತು.

ಬೆಳೆ ವ್ಯಾಪಾರದ ಸರಕಾದಂತೆ ತೀರ್ಪಿನ ಸ್ಥಾನವೂ ಬಟ್ಟಲಿನಿಂದ ಅಂಗೈಗೆ ಸರಿಯಿತು. ಲಂಡನ್ನಿನ ಸದಕ್ ಭಾಗದಲ್ಲಿ 1867ರಲ್ಲಿ ತೆರೆದ ಹಾಪ್ ಎಕ್ಸ್‌ಚೇಂಜ್ ಕಟ್ಟಡಕ್ಕೆ ಗಾಜಿನ ಮಾಡು. ಸರಕನ್ನು ಹಗಲ ಬೆಳಕಿನಲ್ಲಿಯೇ ನೋಡಬೇಕೆಂಬುದು ಅದರ ಉದ್ದೇಶ. ದಲ್ಲಾಳಿಯೂ ಬೀರು ತಯಾರಕನೂ ತೆನೆಗಳನ್ನು ಅಂಗೈಗಳ ನಡುವೆ ಉಜ್ಜಿ, ಮೂಗಿಗೆ ಹಿಡಿದು, ಬೆಲೆ ಕಟ್ಟುತ್ತಿದ್ದರು. ಹಳೆಯ ಹಾಪು ಗಿಣ್ಣಿನಂಥ ಮುಗ್ಗಲು ವಾಸನೆ ಬೀರುವುದರಿಂದ ಆ ವರ್ಷದ ಬೆಳೆಗೆ ಮೇಲು ಬೆಲೆ. ಹೊಸತನಕ್ಕೆ ಬೆಲೆ ಆಗಲೂ ಇತ್ತು; ಆದರೆ ಅದು ಒಣಗಿದ ಹೊಸತು.

ಮೂಗಿನ ತೀರ್ಪು ಎಷ್ಟು ಕಠಿನವಾಗಿತ್ತೆಂಬುದಕ್ಕೆ ಪ್ರೊಫೆಸರ್ ಅರ್ನೆಸ್ಟ್ ಸ್ಟಾನ್ಲಿ ಸಾಮನ್ನರ ಕಾರ್ಯಕ್ಕಿಂತ ಉತ್ತಮ ನಿದರ್ಶನವನ್ನು ನಾವು ಕಾಣೆವು. ಅವರು ಕೆಂಟ್ ಪ್ರಾಂತದ ವೈ ಕಾಲೇಜಿನಲ್ಲಿ 1906ರಿಂದ ಹಾಪ್ ತಳಿಗಳ ಸಂವರ್ಧನೆಯಲ್ಲಿ ತೊಡಗಿದ್ದರು. 1916ರಲ್ಲಿ ಕೆನಡದ ಮ್ಯಾನಿಟೋಬ ಪ್ರಾಂತದಿಂದ ಕಾಡು ಹಾಪಿನ ಒಂದು ತುಂಡು ಅವರ ಕೈಸೇರಿತು. ಬೆಳೆದ ಬಳ್ಳಿ ಬಹುಕಾಲ ಬದುಕಲಿಲ್ಲ. ಅದರ ಬೀಜಗಳಿಂದ ಹುಟ್ಟಿದ ಸಸಿಗಳು ಉಳಿದುವು. ಅವುಗಳಲ್ಲೊಂದು 1934ರಲ್ಲಿ ‘ಬ್ರೂವರ್ಸ್ ಗೋಲ್ಡ್’ ಎಂಬ ಹೆಸರಿನಿಂದ ಹೊರಬಂದಿತು. ರಾಳದ ಅಂಶದಲ್ಲಿ ಅದು ಇಂಗ್ಲಿಷ್ ತಳಿಗಳನ್ನು ಮೀರಿಸಿತ್ತು. ಆದರೆ ಸವಿದು ನೋಡಿದ ತಜ್ಞರಿಗೆ ಅದರಲ್ಲಿ ‘ಅಮೆರಿಕನ್ ವಾಸನೆ’ ಕಂಡಿತು. ಅಮೆರಿಕದಿಂದ ಬಂದ ಹಾಪಿನಲ್ಲಿ ಬ್ಲ್ಯಾಕ್‌ಕರಂಟ್ ಎಲೆಯ ನಾತವಿದೆ, ಬೆಕ್ಕಿನ ಮೂತ್ರದ ನಾತವಿದೆ ಎಂದು ಇಂಗ್ಲೆಂಡಿನ ತಯಾರಕರು ಹಿಂದಿನಿಂದಲೂ ದೂರುತ್ತಿದ್ದರು. ಹೀಗಾಗಿ ಹೊಸ ತಳಿ ಕಹಿಗೆ ಯೋಗ್ಯ, ಪರಿಮಳಕ್ಕೆ ಅಯೋಗ್ಯ ಎಂಬ ಮುದ್ರೆ ಬಿದ್ದಿತು. ಇಂದು ಜಗತ್ತಿನಲ್ಲಿ ಬೆಳೆಯುವ ಕಹಿಪ್ರಧಾನ ತಳಿಗಳಲ್ಲಿ ಅನೇಕವುಗಳ ವಂಶ ಆ ಮ್ಯಾನಿಟೋಬ ಬಳ್ಳಿಗೆ ಸೇರುತ್ತದೆ. ಹಣೆಬರಹ ಬರೆದವರು ಸೋತರೆಂದು ಹೇಳಲಾಗದು. ಅವರು ತಮ್ಮ ಕಾಲದ ಅಳತೆಗೋಲನ್ನು ಪ್ರಾಮಾಣಿಕವಾಗಿಯೇ ಬಳಸಿದರು.

ಅಳತೆಗೋಲು ಬದಲಾದುದು ಅಮೆರಿಕದಲ್ಲಿ. ಆರೆಗನ್ ರಾಜ್ಯದಲ್ಲಿ 1956ರಲ್ಲಿ ನಡೆದ ಸಂಕರಣದಿಂದ ಹುಟ್ಟಿದ ‘ಕ್ಯಾಸ್ಕೇಡ್’ ತಳಿ 1972ರಲ್ಲಿ ಬಿಡುಗಡೆಯಾಯಿತು. ಜರ್ಮನಿಯ ನವುರಾದ ಹಾಪುಗಳಿಗೆ ಅದು ಬದಲಿಯಾದೀತೆಂಬ ನಿರೀಕ್ಷೆಯಿತ್ತು. ಬಂದುದು ಚಕ್ಕೋತದ ಸಿಪ್ಪೆಯ ಪರಿಮಳ. ಸ್ಯಾನ್‌ಫ್ರಾನ್ಸಿಸ್ಕೋದ ಆಂಕರ್ ಸಂಸ್ಥೆ 1975ರ ‘ಲಿಬರ್ಟಿ ಏಲ್’ನಲ್ಲಿಯೂ, ಕ್ಯಾಲಿಫೋರ್ನಿಯದ ಚಿಕೋ ನಗರದ ಸಿಯೆರ ನೆವಾಡ ಸಂಸ್ಥೆ 1980ರಿಂದೀಚೆಗೆ ತನ್ನ ಪೇಲ್ ಏಲ್‌ನಲ್ಲಿಯೂ ಈ ಗುಣವನ್ನು ಮರೆಮಾಚದೆ ಮುಂದಿಟ್ಟುವು. ಹಿಂದೆ ಬೆಕ್ಕಿನ ನಾತವೆನಿಸಿದುದಕ್ಕೆ ಕಾರಣವಾಗಬಲ್ಲ ಒಂದು ಗಂಧಕಯುಕ್ತ ಸಂಯುಕ್ತವನ್ನು ರಸಾಯನಜ್ಞರು ಈಗ ಗುರುತಿಸಿದ್ದಾರೆ. ಅತ್ಯಲ್ಪ ಪ್ರಮಾಣದಲ್ಲಿ ಅದೇ ವಸ್ತು ‘ಸಿಟ್ರ’, ‘ಸಿಮ್ಕೋ’ ಮುಂತಾದ ತಳಿಗಳಲ್ಲಿ ಉಷ್ಣವಲಯದ ಹಣ್ಣಿನ ಪರಿಮಳವೆಂದು ಮೆಚ್ಚುಗೆ ಪಡೆಯುತ್ತಿದೆ. ವಸ್ತು ಒಂದೇ, ತೀರ್ಪು ಎರಡು.

ಹಸಿ ಹಾಪಿನ ಬೀರು ಹುಟ್ಟಿದುದು ಈ ಹಿನ್ನೆಲೆಯಲ್ಲಿ. ಇಂಗ್ಲೆಂಡಿನ ಡಿವೈಸಸ್ ಪಟ್ಟಣದ ವಾಡ್ವರ್ತ್ ಸಂಸ್ಥೆ 1992ರಲ್ಲಿ ಒಣಗಿಸದ ಹಾಪನ್ನು ಬಳಸಿತು. ಸಿಯೆರ ನೆವಾಡ 1996ರಲ್ಲಿ ವಾಷಿಂಗ್ಟನ್ ರಾಜ್ಯದ ಯಾಕಿಮ ಕಣಿವೆಯಿಂದ ಹಸಿ ತೆನೆಗಳನ್ನು ಲಾರಿಯಲ್ಲಿ ಚಿಕೋಗೆ ತರಿಸಿ ‘ಹಾರ್ವೆಸ್ಟ್ ಏಲ್’ ತಯಾರಿಸಿತು. ಕೊಯ್ದ ಒಂದು ದಿನದೊಳಗೆ ತೆನೆ ಕಡಾಯಿಗೆ ಬೀಳಬೇಕು. ನೀರೇ ಹೆಚ್ಚಾದ್ದರಿಂದ ಒಣಹಾಪಿನ ಐದಾರು ಪಟ್ಟು ತೂಕ ಬೇಕು. ಇಷ್ಟು ಶ್ರಮ ಏತಕ್ಕೆ? ಒಣಗಿಸುವಾಗ ಮೊದಲು ಹಾರಿಹೋಗುವುದು ಮಿರ್ಸೀನ್ ಮೊದಲಾದ ಲಘು ತೈಲಗಳು. ನಮ್ಮ ಮಜ್ಜಿಗೆಹುಲ್ಲಿನಲ್ಲಿಯೂ ಮಾವಿನ ಕೆಲವು ತಳಿಗಳಲ್ಲಿಯೂ ಇರುವ ಮಿರ್ಸೀನ್ ಇದೇ. ಆಗತಾನೆ ಕಿತ್ತ ಮಾವಿನಕಾಯಿಯ ತೊಟ್ಟಿನಲ್ಲಿ ಸೊನೆ ಒಸರುವಾಗಿನ ಘಾಟನ್ನು ಬಲ್ಲ ಕನ್ನಡಿಗನಿಗೆ ಈ ಹಸುರು ಪರಿಮಳದ ಕಲ್ಪನೆ ಕಷ್ಟವಾಗಲಾರದು.

1982ರಲ್ಲಿ ಕೊಲರಾಡೋದಲ್ಲಿ ಆರಂಭವಾದ ಗ್ರೇಟ್ ಅಮೆರಿಕನ್ ಬೀರ್ ಫೆಸ್ಟಿವಲ್ ಎಂಬ ಉತ್ಸವದ ಸ್ಪರ್ಧೆಯಲ್ಲಿ ಕಾಲಕ್ರಮದಲ್ಲಿ ಈ ಬೀರಿಗೆ ಪ್ರತ್ಯೇಕ ವರ್ಗ ಏರ್ಪಟ್ಟಿತು. ತೀರ್ಪುಗಾರರ ಮುಂದೆ ಬರುವುದು ಸಂಖ್ಯೆ ಮಾತ್ರವಿರುವ ಲೋಟ; ತಯಾರಕನ ಹೆಸರಿಲ್ಲ. ಎಲೆಯ ಹಸುರನ್ನು ನೆನಪಿಸುವ ವಾಸನೆ ಇಲ್ಲಿ ದೋಷವಲ್ಲ, ಲಕ್ಷಣ. ಬೇರೊಂದು ವರ್ಗದಲ್ಲಿ ಅಂಕ ಕಳೆಯುವ ಅದೇ ವಾಸನೆ ಇಲ್ಲಿ ಅಂಕ ತರುತ್ತದೆ. ಆದರೆ ಮೇರೆ ಉಂಟು: ಹಸುರು ತಾಜಾತನ ಬೇರೆ, ಕೊಯ್ದು ಬಿಟ್ಟ ಹುಲ್ಲು ಕೊಳೆತ ವಾಸನೆ ಬೇರೆ, ತೆನೆ ಕಡಾಯಿಯಲ್ಲಿ ಹೆಚ್ಚು ಹೊತ್ತು ಕುಳಿತರೆ ಒಗರು ನಾಲಗೆಗೆ ಅಂಟುತ್ತದೆ. ಮತ್ತೊಂದು ತೊಡಕೂ ಇದೆ. ಹಸಿ ತೆನೆಯ ಕಹಿಯ ಅಂಶವನ್ನು ಪ್ರಯೋಗಾಲಯದಲ್ಲಿ ಅಳೆಯುವಷ್ಟು ಕಾಲಾವಕಾಶ ತಯಾರಕನಿಗೆ ಸಿಗುವುದಿಲ್ಲವಾದ್ದರಿಂದ ಅನೇಕರು ಕಹಿಗೆ ಒಣಹಾಪನ್ನೇ ನೆಚ್ಚಿ, ಪರಿಮಳಕ್ಕೆ ಮಾತ್ರ ಹಸಿಯನ್ನು ಹಾಕುತ್ತಾರೆ. ಇಂಥ ಬೀರನ್ನು ಪೂರ್ಣ ಹಸಿ ಹಾಪಿನದೆಂದು ಗಣಿಸಬಹುದೆ ಎಂಬ ವಾದ ತೀರಿಲ್ಲ. ಗಣಿಸಬಹುದೆಂದೇ ನಮ್ಮ ಅಭಿಪ್ರಾಯ; ತೂಗುವುದು ಪರಿಮಳವನ್ನಲ್ಲವೆ?

ಈ ಪರಿಮಳ ಕೆಲವು ವಾರಗಳಲ್ಲಿ ಮಂಕಾಗುತ್ತದೆ. ಹೋದ ವರ್ಷದ ಬೀರನ್ನು ಈ ವರ್ಷದ ಬೀರಿನ ಪಕ್ಕದಲ್ಲಿಟ್ಟು ಹೋಲಿಸುವ ಅವಕಾಶ ಯಾವ ತೀರ್ಪುಗಾರನಿಗೂ ಇಲ್ಲ. ಅವನ ಕೈಯಲ್ಲಿರುವುದು ಹೋದ ವರ್ಷದ ನೆನಪು, ಹೋದ ವರ್ಷದ ಮಾತು. 1556ರ ಸ್ಟ್ರ್ಯಾಟ್‌ಫರ್ಡಿನ ದಾಖಲೆ ಪರೀಕ್ಷಕನ ಹೆಸರನ್ನು ಉಳಿಸಿದೆ, ಅವನ ನಾಲಗೆ ಕಂಡ ರುಚಿಯನ್ನು ಉಳಿಸಿಲ್ಲ. ಇಂದಿನ ಸ್ಪರ್ಧೆಗಳಲ್ಲಿ ತೀರ್ಪುಗಾರರು ಲೋಟ ಲೋಟಕ್ಕೂ ಟಿಪ್ಪಣಿ ಬರೆಯುತ್ತಾರೆ. ಆ ಹಾಳೆಗಳು ಮುದ್ರಣಕ್ಕೆ ಹೋಗದೆ ತಯಾರಕರ ಕೈಗೆ ಮರಳಿ, ಅವರವರ ಕಡತಗಳಲ್ಲಿ ಹಂಚಿಹೋಗಿವೆ.