ಮಜಗಾಂವ್ ಡಾಕ್: ಜಲಾಂತರ್ಗಾಮಿ ನಿರ್ಮಾಣ ಮತ್ತು ರಕ್ಷಣಾ ಖರೀದಿ ಸುಧಾರಣೆ

ಮುಂಬಯಿಯ ಪೂರ್ವ ಕಡಲಂಚಿನಲ್ಲಿ, ಸಯನ್‌ಗೆ ದಕ್ಷಿಣದಲ್ಲಿ ಇರುವ ಹಡಗುಕಟ್ಟೆ. 1774ರಲ್ಲಿ ಪುಟ್ಟ ಡ್ರೈಡಾಕ್ ಆಗಿ ಆರಂಭವಾಗಿ, 1934ರಲ್ಲಿ ಖಾಸಗಿ ಕಂಪನಿಯಾಗಿ, 1960ರಲ್ಲಿ ಭಾರತ ಸರ್ಕಾರದ ಕೈಸೇರಿತು. ಇಲ್ಲಿ ಕಟ್ಟಿದ ನೀಲಗಿರಿ ಫ್ರಿಗೇಟ್ 1972ರಲ್ಲಿ ನೌಕಾಪಡೆಗೆ ಸೇರಿತು. ರಕ್ಷಣಾ ಖರೀದಿಯ ನಿಯಮಗಳು ದೇಶೀಯ ಉದ್ಯಮವನ್ನು ಹೇಗೆ ಬೆಳೆಸುತ್ತವೆ, ಹೇಗೆ ಸೊರಗಿಸುತ್ತವೆ ಎಂಬುದಕ್ಕೆ ಇಲ್ಲಿನ ಜಲಾಂತರ್ಗಾಮಿ ವಿಭಾಗದಷ್ಟು ಸ್ಪಷ್ಟ ನಿದರ್ಶನ ಅಪರೂಪ.

ಭಾರತದಲ್ಲಿ ಕಟ್ಟಿದ ಮೊದಲ ಜಲಾಂತರ್ಗಾಮಿ 2017ರ ಕಲ್ವರಿ ಎಂದು ಎಷ್ಟೋ ಕಡೆ ಬರೆದಿರುತ್ತದೆ. ಅದು ತಪ್ಪು. 1981ರಲ್ಲಿ ಪಶ್ಚಿಮ ಜರ್ಮನಿಯ ಎಚ್‌ಡಿಡಬ್ಲ್ಯೂ ಕಂಪನಿಯೊಡನೆ ನಾಲ್ಕು ಜಲಾಂತರ್ಗಾಮಿಗಳ ಒಪ್ಪಂದವಾಯಿತು. ಎರಡು ಕೀಲ್‌ನಲ್ಲಿ, ಎರಡು ಮಜಗಾಂವ್‌ನಲ್ಲಿ. ಇಲ್ಲಿನ ಶಾಲ್ಕಿ 1992ರಲ್ಲಿ, ಶಂಕುಲ್ 1994ರಲ್ಲಿ ಸೇವೆಗೆ ಬಂದವು.

ಆಮೇಲಿನ ಸ್ಥಗಿತಕ್ಕೆ ಕಾರಣವೇನೆಂಬುದರಲ್ಲೂ ಗೊಂದಲವಿದೆ. 1987ರಲ್ಲಿ ಈ ವ್ಯವಹಾರದಲ್ಲಿ ಶೇ. 7ರ ಕಮಿಷನ್ ಸಂದಿದೆ ಎಂಬ ಆರೋಪ ಎದ್ದು, ರಕ್ಷಣಾ ಸಚಿವ ವಿ. ಪಿ. ಸಿಂಗ್ ತನಿಖೆಗೆ ಆದೇಶಿಸಿದರು. ಹಗರಣವೇ ಕಾರ್ಖಾನೆಯನ್ನು ಮುಚ್ಚಿಸಿತು ಎಂಬ ಮಾತು ಅರ್ಧಸತ್ಯ. ಆರೋಪದ ನಂತರವೂ ಎರಡೂ ಜಲಾಂತರ್ಗಾಮಿಗಳು ಪೂರ್ಣಗೊಂಡವು. ಬರದೇ ಹೋದದ್ದು ಮುಂದಿನ ಆರ್ಡರ್. ಒಡಲಿನ ಉಕ್ಕು ಬೆಸೆಯಲು ಪಳಗಿದ ಕೈಗಳಿಗೆ ಕೆಲಸವಿಲ್ಲದಂತಾಯಿತು. ಶಂಕುಲ್‌ಗೂ ಮುಂದಿನ ಜಲಾಂತರ್ಗಾಮಿಗೂ ನಡುವೆ 23 ವರ್ಷ ಕಳೆಯಿತು. ಈ ಚರಿತ್ರೆಯ ನಿಜವಾದ ತಿರುವು ಇದೇ.

ಕಾರ್ಗಿಲ್ ಯುದ್ಧದ ನಂತರ ಸುಧಾರಣೆಗಳು ಸಾಲಾಗಿ ಬಂದವು: 2001ರಲ್ಲಿ ಖಾಸಗಿ ಉದ್ಯಮಕ್ಕೆ ಪ್ರವೇಶ ಮತ್ತು ರಕ್ಷಣಾ ಸ್ವಾಧೀನ ಮಂಡಳಿ, 2002ರಲ್ಲಿ ರಕ್ಷಣಾ ಖರೀದಿ ಕಾರ್ಯವಿಧಾನ, 2005ರಲ್ಲಿ ಆಫ್‌ಸೆಟ್ ಷರತ್ತು (ವಿದೇಶಿ ಮಾರಾಟಗಾರರು ಒಪ್ಪಂದದ ಮೊತ್ತದ ಒಂದು ಪಾಲನ್ನು ಭಾರತದಲ್ಲೇ ತೊಡಗಿಸಬೇಕೆಂಬುದು). ಕಾರ್ಯವಿಧಾನ ಮತ್ತೆ ಮತ್ತೆ ಪರಿಷ್ಕರಣೆಯಾಯಿತು.

2005ರ ಅಕ್ಟೋಬರ್‌ನಲ್ಲಿ ಫ್ರಾನ್ಸಿನ ಸ್ಕಾರ್ಪಿನ್ ವಿನ್ಯಾಸದ ಆರು ಜಲಾಂತರ್ಗಾಮಿಗಳಿಗೆ ಸಹಿ ಬಿತ್ತು. ಮೊದಲನೆಯದು 2012ಕ್ಕೆ ಬರಬೇಕಿತ್ತು. ಕಲ್ವರಿ ಬಂದದ್ದು 2017ರ ಡಿಸೆಂಬರ್ 14ರಂದು. ಹೊಸ ತಂತ್ರಜ್ಞಾನ ಅರಗಿಸಿಕೊಳ್ಳುವುದರ ಜೊತೆಗೆ ಮಜಗಾಂವ್ ಡಾಕ್ ತಾನೇ ಕೊಳ್ಳಬೇಕಿದ್ದ ಸಾಮಗ್ರಿಗಳ ಖರೀದಿಯೂ ತಡವಾಯಿತು. ಈ ಜಲಾಂತರ್ಗಾಮಿಗಳಿಗೆಂದು ಆರಿಸಿದ್ದ ಬ್ಲ್ಯಾಕ್ ಶಾರ್ಕ್ ಟಾರ್ಪೆಡೊಗಳ ಖರೀದಿ, ಅವುಗಳ ತಯಾರಕರ ಮಾತೃಸಂಸ್ಥೆ ಹೆಲಿಕಾಪ್ಟರ್ ಖರೀದಿಯ ಹಗರಣದಲ್ಲಿ ಸಿಕ್ಕಿಕೊಂಡದ್ದರಿಂದ ರದ್ದಾಯಿತು. ಪ್ರಾಮಾಣಿಕತೆ ಕಾಯುವ ನಿಯಮಕ್ಕೆ ಪರ್ಯಾಯ ಸರಬರಾಜಿನ ದಾರಿಯೂ ಜೊತೆಗಿರಬೇಕಿತ್ತು, ಅದಿರಲಿಲ್ಲ.

2017ರ ಕಾರ್ಯತಂತ್ರ ಪಾಲುದಾರಿಕೆ ಮಾದರಿ ಖಾಸಗಿ ಹಡಗುಕಟ್ಟೆಗಳಿಗೂ ಜಲಾಂತರ್ಗಾಮಿ ಸ್ಪರ್ಧೆಯ ಬಾಗಿಲು ತೆರೆಯಿತು. 2020ರ ಆಗಸ್ಟ್‌ನಲ್ಲಿ ಪ್ರಕಟವಾದ, ಆಮದು ನಿರ್ಬಂಧದ 101 ವಸ್ತುಗಳ ಪಟ್ಟಿಯಲ್ಲಿ ಜಲಾಂತರ್ಗಾಮಿಯೂ ಇತ್ತು. ಪಾಲುದಾರಿಕೆ ಮಾದರಿಯಡಿ 75(ಐ) ಯೋಜನೆಯ ಆರು ಜಲಾಂತರ್ಗಾಮಿಗಳಿಗೆ 2021ರಲ್ಲಿ ಟೆಂಡರ್ ಹೊರಟಿತು. ಜರ್ಮನಿಯ ಟಿಕೆಎಂಎಸ್ ಜೊತೆಗೂಡಿ ಮಜಗಾಂವ್, ಸ್ಪೇನಿನ ನವಾಂತಿಯಾ ಜೊತೆಗೂಡಿ ಲಾರ್ಸನ್ ಆಂಡ್ ಟುಬ್ರೊ ಬಿಡ್ ಸಲ್ಲಿಸಿದವು. ಎರಡನೆಯದು ಷರತ್ತಿಗೆ ಹೊಂದದ ಕಾರಣ 2025ರ ಆರಂಭದಲ್ಲಿ ಮಜಗಾಂವ್ ಒಂದೇ ಕಣದಲ್ಲಿ ಉಳಿಯಿತು. ಸ್ಪರ್ಧೆಗೆಂದೇ ರೂಪಿಸಿದ ಮಾದರಿ ಒಂಟಿ ಬಿಡ್‌ಗೆ ಬಂದು ನಿಂತಿತು.

ಆರನೆಯ ಸ್ಕಾರ್ಪಿನ್ ವಾಗ್‌ಶೀರ್ 2025ರ ಜನವರಿ 15ರಂದು ಮುಂಬಯಿಯಲ್ಲಿ ನೌಕಾಪಡೆಗೆ ಸೇರಿತು. ಆ ದಿನ ಮಜಗಾಂವ್‌ನ ಕೈಯಲ್ಲಿ ಹೊಸ ಜಲಾಂತರ್ಗಾಮಿಯ ಸಹಿಯಾದ ಆರ್ಡರ್ ಒಂದೂ ಇರಲಿಲ್ಲ.