ಅಂಗೈಯಗಲದ ಕ್ಯಾಮರಾ

ಕೆಲವು ವಸ್ತುಗಳು ಸದ್ದುಗದ್ದಲದಿಂದ ಮನೆಗೆ ಬರುತ್ತವೆ. ಹೋಗುವಾಗ ಮಾತ್ರ ಯಾರಿಗೂ ಹೇಳದೆ ಹೋಗುತ್ತವೆ. ಅಗ್ಗದ ಡಿಜಿಟಲ್ ಕ್ಯಾಮರಾ ಅಂಥವುಗಳಲ್ಲಿ ಒಂದು. 2000ದ ಆಚೀಚೆ ನಮ್ಮ ಊರುಗಳಲ್ಲಿ ಅದು ಕಾಣಿಸಿಕೊಂಡಿತು. ಹತ್ತು ಹನ್ನೆರಡು ವರ್ಷ ಮದುವೆ, ಮುಂಜಿ, ಶಾಲೆಯ ಪ್ರವಾಸಗಳಲ್ಲಿ ಜನರ ಮಣಿಕಟ್ಟಿನಿಂದ ತೂಗಾಡಿತು. ಆಮೇಲೆ ಮೊಬೈಲ್ ಫೋನಿಗೆ ಒಳ್ಳೆಯ ಕಣ್ಣು ಬಂದೊಡನೆ ಮೇಜಿನ ಖಾನೆಯಲ್ಲಿ ಹಳೆಯ ಬೀಗದ ಕೈಗಳ ಜೊತೆ ಸೇರಿಕೊಂಡಿತು. ಕಾಲೇಜಿನಲ್ಲಿ ಚರಿತ್ರೆ ಹೇಳಿ ನಿವೃತ್ತನಾದ ನಾನು ಗಂಗರನ್ನೂ ಹೊಯ್ಸಳರನ್ನೂ ಬಿಟ್ಟು ಈ ಆಟಿಕೆಯ ಕಥೆಯನ್ನು ಏಕೆ ಹೇಳಬೇಕೆಂದು ತಾವು ಕೇಳಬಹುದು. ಗಂಗರ ಕಾಲದ ಕಲ್ಲುಗಳ ಹಿಂದೆ ಅಲೆಯುವ ಧೈರ್ಯವನ್ನು ನನಗೆ ಕೊಟ್ಟದ್ದು ಆ ಆಟಿಕೆಯೇ. ಅದರ ಋಣ ನನ್ನ ಮೇಲಿದೆ. ಅದರ ಮೇಲೆ ನನಗೊಂದು ಆಕ್ಷೇಪವೂ ಇದೆ.

ಬಡವರ ಕ್ಯಾಮರಾ ಎಂಬುದು ಹೊಸ ಕಲ್ಪನೆಯಲ್ಲ. ಅಮೆರಿಕದ ಈಸ್ಟ್‌ಮನ್ ಕೊಡಕ್ ಕಂಪೆನಿ 1900ರಲ್ಲಿ ‘ಬ್ರೌನಿ’ ಎಂಬ ರಟ್ಟಿನ ಡಬ್ಬಿಯೊಂದನ್ನು ಒಂದು ಡಾಲರಿಗೆ ಮಾರಾಟಕ್ಕಿಟ್ಟಿತು. ಮಕ್ಕಳ ಕೈಗೂ ಕೊಡಬಹುದಾದ ಯಂತ್ರ ಅದು. ನಮ್ಮ ದೇಶದಲ್ಲಿ ಅದಕ್ಕೆ ಸಮನಾದ ಸ್ಥಾನ ‘ಆಗ್ಫಾ ಕ್ಲಿಕ್ 3’ ಕ್ಯಾಮರಾಕ್ಕೆ ಸಲ್ಲಬೇಕು. ಅದರ ಸುರುಳಿಯಲ್ಲಿ ಹನ್ನೆರಡು ಚೌಕ ಚಿತ್ರಗಳಿಗೆ ಜಾಗ. ಉದಕಮಂಡಲದ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಫಿಲ್ಮನ್ನು ತುಂಬಿಸಿ, ಹನ್ನೆರಡನೆಯ ಚಿತ್ರ ಮುಗಿಯುವವರೆಗೆ ತಿಂಗಳುಗಟ್ಟಲೆ ಕಾದ ಮನೆಗಳನ್ನು ನಾನು ಬಲ್ಲೆ. ಒಂದೇ ಸುರುಳಿಯಲ್ಲಿ ಯುಗಾದಿಯೂ ದೀಪಾವಳಿಯೂ ಇರುತ್ತಿದ್ದುವು. ಕ್ಯಾಮರಾ ಅಗ್ಗವಾಗಿತ್ತು, ನಿಜ. ಆದರೆ ಒಂದೊಂದು ಒತ್ತಿಗೂ ಬೆಲೆಯಿತ್ತು. ಫಿಲ್ಮಿಗೆ, ಸಂಸ್ಕರಣಕ್ಕೆ, ಮುದ್ರಣಕ್ಕೆ ಎಂದು ಮೂರು ಸಲ ಹಣ ಕೊಡಬೇಕಾಗಿತ್ತು. ಆದಕಾರಣ ಯಾವುದು ಚಿತ್ರಕ್ಕೆ ಯೋಗ್ಯ, ಯಾವುದು ಅಲ್ಲ ಎಂಬುದನ್ನು ಮನಸ್ಸಿಗಿಂತ ಹೆಚ್ಚಾಗಿ ಜೇಬು ನಿರ್ಣಯಿಸುತ್ತಿತ್ತು. ಮದುಮಗ ಯೋಗ್ಯ, ಅಡಿಗೆಮನೆಯಲ್ಲಿ ಬೆವರುತ್ತಿದ್ದ ಅತ್ತೆ ಯೋಗ್ಯಳಲ್ಲ. ಬೇಲೂರಿನ ಮದನಿಕೆ ಯೋಗ್ಯ. ಹೊಲದ ಬದುವಿನ ವೀರಗಲ್ಲು ಯೋಗ್ಯವಲ್ಲ. ಅರ್ಧ ಶತಮಾನದ ನಮ್ಮ ಮನೆಗಳ ಆಲ್ಬಮ್ಮುಗಳನ್ನು ಚರಿತ್ರೆಯ ಆಕರವೆಂದು ಓದುವವರು ಈ ಜಿಪುಣತನವನ್ನು ನೆನಪಿನಲ್ಲಿಡಬೇಕು.

ಒತ್ತಿನ ಬೆಲೆಯನ್ನು ಇಲ್ಲವಾಗಿಸಿದ ವಿದ್ಯೆ ಎರಡು ಮೂರು ಕಡೆ ಬೇರೆ ಬೇರೆಯಾಗಿ ಹುಟ್ಟಿತು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಎಂಬಿಬ್ಬರು ಸಿಲಿಕಾನ್ ತುಣುಕಿನ ಮೇಲೆ ವಿದ್ಯುದಂಶಗಳನ್ನು ಸಾಲಾಗಿ ಕೂಡಿಟ್ಟು, ಬಾವಿಯಿಂದ ಮನೆಗೆ ಕೈಯಿಂದ ಕೈಗೆ ಕೊಡ ದಾಟಿಸುವಂತೆ, ಒಂದೊಂದನ್ನೇ ಮುಂದಕ್ಕೆ ಸಾಗಿಸುವ ಉಪಾಯವನ್ನು ಕಂಡುಹಿಡಿದರು. ಬೆಳಕು ಎಲ್ಲಿ ಹೆಚ್ಚು ಬಿತ್ತೋ ಅಲ್ಲಿಯ ಕೊಡ ಹೆಚ್ಚು ತುಂಬುತ್ತದೆ. ಕೊನೆಯಲ್ಲಿ ಕುಳಿತವನು ಅಳೆದು ಅಂಕಿ ಬರೆದುಕೊಳ್ಳುತ್ತಾನೆ. ಚಿತ್ರವೆಂದರೆ ಆ ಅಂಕಿಗಳ ಪಟ್ಟಿ. ಇದಕ್ಕಾಗಿ ಅವರಿಗೆ ನಲವತ್ತು ವರ್ಷ ಕಳೆದು 2009ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. 1975ರಲ್ಲಿ ಕೊಡಕ್ ಕಂಪೆನಿಯ ತರುಣ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಅಂಥದೊಂದು ತುಣುಕನ್ನು ಬಳಸಿ, ಕೈಯಲ್ಲಿ ಹಿಡಿಯಬಹುದಾದ ಮೊದಲ ಡಿಜಿಟಲ್ ಕ್ಯಾಮರಾವನ್ನು ಕಟ್ಟಿದ. ಹಿಡಿಯಬಹುದು ಎಂದೆ; ತೂಕ ಮೂರೂವರೆ ಕಿಲೋಗ್ರಾಂಗೂ ಮೇಲು! ಒಂದು ಕಪ್ಪು ಬಿಳುಪು ಚಿತ್ರ ಕ್ಯಾಸೆಟ್ ಟೇಪಿನ ಮೇಲೆ ದಾಖಲಾಗಲು 23 ಸೆಕೆಂಡು ಹಿಡಿಯುತ್ತಿತ್ತು. ಅದರಲ್ಲಿದ್ದ ಚಿತ್ರಬಿಂದುಗಳು 10,000 ಮಾತ್ರ. ಅದೇ ಕಂಪೆನಿಯ ಬ್ರೈಸ್ ಬೇಯರ್, ಬಣ್ಣ ಕಾಣದ ಈ ಸಿಲಿಕಾನ್ ಕಣ್ಣಿನ ಮೇಲೆ ಕೆಂಪು, ಹಸಿರು, ನೀಲಿ ಗಾಜಿನ ಚೌಕಳಿಯನ್ನು ಹೊದಿಸುವ ಕ್ರಮಕ್ಕೆ 1976ರಲ್ಲಿ ಪೇಟೆಂಟ್ ಪಡೆದ. ನಾಲ್ಕು ಚೌಕಗಳಲ್ಲಿ ಎರಡು ಹಸಿರು, ಕೆಂಪು ನೀಲಿಗೆ ಒಂದೊಂದು. ಮನುಷ್ಯನ ಕಣ್ಣು ಸೂಕ್ಷ್ಮ ವಿವರಗಳನ್ನು ಹಸಿರು ಬೆಳಕಿನಲ್ಲೇ ಹೆಚ್ಚಾಗಿ ಗ್ರಹಿಸುವುದರಿಂದ ಈ ಪಕ್ಷಪಾತ.

ಕೊಡಕ್ ತಾನೇ ಹೆತ್ತ ಕೂಸನ್ನು ಗುರುತಿಸದೆ ಕೆಟ್ಟಿತು ಎಂಬ ನೀತಿಕಥೆಯನ್ನು ಈಗ ಎಲ್ಲರೂ ಹೇಳುತ್ತಾರೆ. 2012ರ ಜನವರಿಯಲ್ಲಿ ಅದು ದಿವಾಳಿ ಅರ್ಜಿ ಹಾಕಿದ್ದು ನಿಜ. ಆದರೆ ಈ ಕಥೆ ನನಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಅದೂ ಅಗ್ಗದ ಡಿಜಿಟಲ್ ಕ್ಯಾಮರಾಗಳನ್ನು ಲಕ್ಷಗಟ್ಟಲೆ ಮಾರಿತ್ತು. ಅದು ಒಂದು ಶತಮಾನ ಬದುಕಿದ್ದು ಕ್ಯಾಮರಾ ಮಾರಿಯಲ್ಲ, ಫಿಲ್ಮು ಮಾರಿ. ಒತ್ತಿಗೆ ಬೆಲೆಯೇ ಇಲ್ಲದ ಯಂತ್ರವನ್ನು ಎಷ್ಟು ಮಾರಿದರೂ ಒತ್ತಿನ ಬೆಲೆಯಿಂದ ಬದುಕಿದ ಮನೆ ಉಳಿಯುವುದು ಕಷ್ಟ.

ಸಾಮಾನ್ಯರ ಮಟ್ಟಿಗೆ ನಿಜವಾದ ತಿರುವು 1995ರಲ್ಲಿ ಬಂತು ಎನ್ನಬೇಕು. ಜಪಾನಿನ ಕ್ಯಾಸಿಯೋ ಕಂಪೆನಿಯ ‘ಕ್ಯೂವಿ-10’ ಎಂಬ ಕ್ಯಾಮರಾದ ಬೆನ್ನಿನ ಮೇಲೆ ಪುಟ್ಟದೊಂದು ಪರದೆಯಿತ್ತು. ಚಿತ್ರಗಳೇನೋ ಮಸುಕು. ಆದರೆ ತೆಗೆದ ಚಿತ್ರವನ್ನು ತೆಗೆದ ಜಾಗದಲ್ಲೇ, ತೆಗೆಸಿಕೊಂಡವರ ಎದುರಿಗೇ ನೋಡಬಹುದಾಗಿತ್ತು. ಈ ಪರದೆಯ ಮಹತ್ವ ನನಗೆ ಅರ್ಥವಾದದ್ದು ಹಳ್ಳಿಗಳಲ್ಲಿ. ಆ ಮಾತಿಗೆ ಮುಂದೆ ಬರುತ್ತೇನೆ.

ನಾನು ಕ್ಯಾಮರಾ ಕೊಂಡದ್ದು 2006ರಲ್ಲಿ. ಆರೇಳು ಸಾವಿರ ರೂಪಾಯಿಯ, ಬೂದುಬಣ್ಣದ, ಸಾಬೂನಿನ ಡಬ್ಬಿಯಷ್ಟಿದ್ದ ಯಂತ್ರ. ಐದು ಮೆಗಾಪಿಕ್ಸೆಲ್, ಎಂದರೆ ಐವತ್ತು ಲಕ್ಷ ಚಿತ್ರಬಿಂದು. ಸ್ಯಾಸನ್ನನ ಯಂತ್ರದ ಐನೂರು ಪಟ್ಟು. ಅಂಗಡಿಯವರು ಈ ಸಂಖ್ಯೆಯನ್ನೇ ಮಂತ್ರದಂತೆ ಜಪಿಸುತ್ತಿದ್ದರು. ಒಳಗಿನ ಕಣ್ಣಿನ ಅಳತೆಯನ್ನು ಯಾರೂ ಹೇಳುತ್ತಿರಲಿಲ್ಲ. ಹಳೆಯ 35 ಮಿಲಿಮೀಟರ್ ಫಿಲ್ಮಿನ ಒಂದು ಚೌಕಟ್ಟು 36 ಮಿಲಿಮೀಟರ್ ಉದ್ದ, 24 ಮಿಲಿಮೀಟರ್ ಅಗಲ. ಅಗ್ಗದ ಕ್ಯಾಮರಾದ ಸಿಲಿಕಾನ್ ತುಣುಕು ಅದರ ವಿಸ್ತಾರದಲ್ಲಿ ಮೂವತ್ತರಲ್ಲೊಂದು ಪಾಲೂ ಇಲ್ಲ, ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಐವತ್ತು ಲಕ್ಷ ಕೊಡಗಳನ್ನು ಅಷ್ಟು ಜಾಗದಲ್ಲಿ ಇಟ್ಟರೆ ಒಂದೊಂದಕ್ಕೂ ಸಿಕ್ಕುವ ಬೆಳಕು ಎಷ್ಟು? ಬಿಸಿಲಿನಲ್ಲಿ ಅದು ರಾಜ; ಗರ್ಭಗುಡಿಯ ಮುಂದಿನ ನವರಂಗಕ್ಕೆ ಕಾಲಿಟ್ಟೊಡನೆ ಚಿತ್ರದ ತುಂಬ ರವೆ ಚೆಲ್ಲಿದಂತೆ ಕಾಣುತ್ತಿತ್ತು. ಊಟವೂ ವಿಚಿತ್ರ. ಗೋಡೆಗಡಿಯಾರಕ್ಕೆ ಹಾಕುವ ಅಳತೆಯ ಎರಡು ಸೆಲ್ಲುಗಳಿಂದ ಅದು ನಡೆಯುತ್ತಿತ್ತು. ಆದರೆ ಹಳ್ಳಿಯ ಅಂಗಡಿಯಲ್ಲಿ ಸಿಕ್ಕುವ ಸಾಮಾನ್ಯ ಸೆಲ್ಲುಗಳನ್ನು ಹಾಕಿದರೆ ಕೆಲವೇ ಚಿತ್ರಗಳಿಗೆ ಕಣ್ಣು ಮುಚ್ಚುತ್ತಿತ್ತು. ಪುನಃ ಪುನಃ ವಿದ್ಯುತ್ ತುಂಬಿಸುವ ನಿಕ್ಕಲ್ ಸೆಲ್ಲುಗಳನ್ನು ಎರಡು ಜೊತೆ ಇಟ್ಟುಕೊಂಡು ಹೊರಡುವುದು ಅಭ್ಯಾಸವಾಯಿತು.

ಶಾಸನಗಳ ಕೆಲಸಕ್ಕೆ ಇಂಥ ಯಂತ್ರ ಒದಗೀತೆ ಎಂದು ತಜ್ಞರು ನಕ್ಕದ್ದುಂಟು. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೊದಲ ಸಂಪುಟ 1886ರಲ್ಲಿ ಹೊರಬಂದಂದಿನಿಂದ ಈಚೆಗೆ ನಮ್ಮಲ್ಲಿ ಶಾಸನದ ಪ್ರಮಾಣವೆಂದರೆ ಕಾಗದದ ಅಚ್ಚು. ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಹೊದಿಸಿ, ಬ್ರಷ್ಷಿನಿಂದ ತಟ್ಟಿ ತಟ್ಟಿ ಅಕ್ಷರದ ತಗ್ಗಿಗೆ ಇಳಿಸಿ, ಮೇಲೆ ಮಸಿ ಹಾಯಿಸಿದರೆ ಕರಿಯ ನೆಲದಲ್ಲಿ ಬಿಳಿಯ ಅಕ್ಷರ ಎದ್ದು ಬರುತ್ತದೆ. ಅದರ ಮುಂದೆ ಛಾಯಾಚಿತ್ರ ಎರಡನೆಯದೇ. ಆದರೆ ಅಚ್ಚು ತೆಗೆಯಲು ಕಾಗದ ಬೇಕು, ನೀರು ಬೇಕು, ಗಾಳಿಯಿಲ್ಲದ ಹೊತ್ತು ಬೇಕು, ಜೊತೆಗೆ ಪಳಗಿದ ಕೈ ಬೇಕು. ಭಾನುವಾರದ ಬಸ್ಸಿನಲ್ಲಿ ಹೋಗಿ ಸಂಜೆಯ ಬಸ್ಸಿಗೆ ಮರಳುವ ಮೇಷ್ಟರಿಗೆ ಅದು ಎಲ್ಲಿ ಸಾಧ್ಯ? ಅಗ್ಗದ ಕ್ಯಾಮರಾ ಬಂದ ಮೇಲೆ ಒಂದೇ ಕಲ್ಲಿಗೆ ನಲವತ್ತು ಚಿತ್ರ ತೆಗೆದರೂ ಕೇಳುವವರಿಲ್ಲ. ಹೂವಿನ ಗುರುತನ್ನು ಒತ್ತಿದರೆ ಗೇಣುದ್ದ ಹತ್ತಿರಕ್ಕೂ ಹೋಗಬಹುದು. ಅದರ ಸ್ವಂತ ಮಿಂಚುಬೆಳಕು ಮಾತ್ರ ಶಾಸನಕ್ಕೆ ಶತ್ರು. ಎದುರಿನಿಂದ ನೇರವಾಗಿ ಬೀಳುವ ಬೆಳಕು ಅಕ್ಷರದ ನೆರಳನ್ನು ನುಂಗಿಬಿಡುತ್ತದೆ. ಅದನ್ನು ಆರಿಸಿ, ಮುಖ ನೋಡುವ ಕನ್ನಡಿಯೊಂದರಿಂದ ಬಿಸಿಲನ್ನು ಕಲ್ಲಿನ ಅಂಚಿನಿಂದ ಓರೆಯಾಗಿ ಹಾಯಿಸಿದರೆ, ಮಧ್ಯಾಹ್ನ ಬೋಳಾಗಿ ಕಂಡ ಕಲ್ಲಿನಲ್ಲಿ ಸಾಲುಗಳು ಮೂಡುತ್ತವೆ. ಕನ್ನಡಿ ಹಿಡಿಯಲು ಊರಿನ ಹುಡುಗರು ನಾ ಮುಂದು ತಾ ಮುಂದು ಎಂದು ಬರುತ್ತಿದ್ದರು. ಹೀಗೆ ಏಳು ವರ್ಷಗಳಲ್ಲಿ ನಾನು ಮೂರು ತಾಲ್ಲೂಕುಗಳ ವೀರಗಲ್ಲು, ಮಾಸ್ತಿಕಲ್ಲುಗಳನ್ನು ಸುತ್ತಿದೆ. ನನ್ನಂಥವರು ನಾಡಿನಲ್ಲಿ ನೂರಾರು ಮಂದಿ ಇದ್ದರೆಂದು ಬಲ್ಲೆ. ಯಾವ ಇಲಾಖೆಯ ಅಪ್ಪಣೆಯಾಗಲಿ ಅನುದಾನವಾಗಲಿ ಇಲ್ಲದೆ ತಮ್ಮ ಸುತ್ತಿನ ಕಲ್ಲುಗಳನ್ನು ತಾವೇ ದಾಖಲಿಸಿದವರು.

ಆ ದಿನಗಳದೊಂದು ಭೇಟಿ. ತುಮಕೂರು ಜಿಲ್ಲೆಯ ಒಂದು ಹಳ್ಳಿಯ ಅಂಚಿನಲ್ಲಿ, ದಾರಿಯ ಪಕ್ಕದ ಬೇವಿನ ಬುಡದಲ್ಲಿ, ಮೂರು ಅಂತಸ್ತಿನ ವೀರಗಲ್ಲು: ಕೆಳಗೆ ತುರುಗಳಿಗಾಗಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕುಳಿತ ಅವನೇ. ಪಟ್ಟಿಕೆಗಳ ಮೇಲೆ ಎರಡು ಸಾಲು ಬರಹ. ಮೊದಲನೆಯದು ಸ್ಥಳದಲ್ಲೇ ಓದಲು ಬಂತು. ವೀರನ ಹೆಸರು ಇರಬೇಕಾದ ಎರಡನೆಯದು ಸವೆದಿತ್ತು. ಚಿತ್ರಗಳು ಮುಗಿಯುವ ವೇಳೆಗೆ ಎದುರು ಮನೆಯ ಮುದುಕಿ ಬಂದು, ‘ಕಲ್ಲಿಂದು ತೆಗೀತೀಯ, ನಂದು ತೆಗೆಯಲ್ಲವಾ?’ ಎಂದಳು. ಕಲ್ಲಿನ ಮುಂದೆಯೇ ನಿಂತಳು, ತೆಗೆದೆ. ಪರದೆಯನ್ನು ಅವಳ ಕಡೆ ತಿರುಗಿಸಿದಾಗ ಬಹಳ ಹೊತ್ತು ನೋಡಿ, ‘ಇಷ್ಟು ವಯಸ್ಸಾಯಿತಾ?’ ಎಂದಷ್ಟೇ ಕೇಳಿದಳು. ಅವಳ ಮುಖದ ಚಿತ್ರ ಅದುವರೆಗೆ ಮತದಾರರ ಚೀಟಿಯಲ್ಲಿ ಮಾತ್ರ ಇತ್ತಂತೆ. ಸ್ಟುಡಿಯೋದವನು ಚಿತ್ರ ತೆಗೆದು ಒಳಗೆ ಹೋಗಿಬಿಡುವ ಕಾಲದಲ್ಲಿ ಇಂಥ ಮಾತು ಹುಟ್ಟುವ ಸಂದರ್ಭವೇ ಇರಲಿಲ್ಲ. ಅವಳಿಗೊಂದು ಪ್ರತಿ ಬೇಕಾಯಿತು. ನಮ್ಮೂರಿನ ಸ್ಟುಡಿಯೋದಲ್ಲಿ ಕಾಗದಕ್ಕೆ ಇಳಿಸಿ, ಮುಂದಿನ ತಿಂಗಳು ಬಸ್ಸಿನ ಕಂಡಕ್ಟರರ ಕೈಯಲ್ಲಿ ಕಳಿಸಿದೆ.

ಇನ್ನು ನನ್ನ ಆಕ್ಷೇಪ. ಹಂಪೆಯನ್ನು 1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಹಚ್ಚಿದ ದೊಡ್ಡ ಕಾಗದಗಳ ಮೇಲೆ ಚಿತ್ರಿಸಿದ. ಆ ಕಾಗದದ ನೆಗೆಟಿವ್‌ಗಳು ಹಡಗಿನಲ್ಲಿ ಹೋಗಿ, ಯಾರದೋ ಮನೆಗಳಲ್ಲಿ ಬಿದ್ದಿದ್ದು, ನೂರಕ್ಕೂ ಹೆಚ್ಚು ವರ್ಷಗಳ ಮೇಲೆ ಬೆಳಕಿಗೆ ಬಂದುವು. 1983ರಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಅವೇ ತಾಣಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ವಿಠ್ಠಲ ದೇವಾಲಯದ ಕಲ್ಲಿನ ರಥದ ನೆತ್ತಿಯ ಮೇಲೆ ಒಂದು ಕಾಲದಲ್ಲಿ ಇಟ್ಟಿಗೆಯ ಶಿಖರವಿತ್ತೆಂಬುದು ಕಣ್ಣಿಗೆ ಕಾಣುತ್ತದೆ. ಈಗ ನಾವು ನೋಡುವುದು ಬೋಳು ರಥ. ಗ್ರೀನ್‌ಲಾನ ಕಾಗದವನ್ನು ನೋಡಲು ಯಾವ ಯಂತ್ರವೂ ಬೇಕಾಗಲಿಲ್ಲ. ಎತ್ತಿ ಬೆಳಕಿಗೆ ಹಿಡಿದರೆ ಸಾಕಾಗಿತ್ತು.

ನನ್ನ ಕ್ಯಾಮರಾದ ಚಿತ್ರಗಳು ಹುಟ್ಟಿದ್ದು ಒಂದು ಅಕ್ಷರಗುಂಪು, ನಾಲ್ಕು ಅಂಕಿಗಳ ಹೆಸರಿನಲ್ಲಿ. ಜೊತೆಗೆ ತೆಗೆದ ದಿನ, ಗಂಟೆ, ನಿಮಿಷಗಳನ್ನೂ ಅದು ತಾನಾಗಿ ಬರೆದುಕೊಳ್ಳುತ್ತಿತ್ತು. ಚರಿತ್ರೆಯವನಿಗೆ ಇದು ಹಬ್ಬ; ಸೆಲ್ಲು ಪೂರ್ತಿ ಬತ್ತಿ ಅದರ ಗಡಿಯಾರ ಹಿಂದಕ್ಕೆ ಹೋದ ದಿನ ಮಾತ್ರ 2007ರ ಶಿವರಾತ್ರಿ 2005ರ ಜನವರಿ 1 ಆಗಿರುತ್ತಿತ್ತು. ಅಲ್ಲಿಂದ ಅವು ಕಂಪ್ಯೂಟರಿನ ಡಿಸ್ಕಿಗೆ, ಸಿ.ಡಿ.ಗಳಿಗೆ ಇಳಿದುವು. 2013ರಲ್ಲಿ ಆ ಡಿಸ್ಕು ಕಟಕಟ ಸದ್ದು ಮಾಡಿ ನಿಂತಿತು. ಸಿ.ಡಿ.ಗಳ ಬೆಳ್ಳಿಯ ಕೆಳಗಿನ ಬಣ್ಣದ ಲೇಪ ಕಾಲಕ್ರಮದಲ್ಲಿ ಕೆಡುತ್ತದೆ. ಅರ್ಧ ತೆರೆದುವು, ಅರ್ಧ ತೆರೆಯಲಿಲ್ಲ. ಇದು ನನ್ನೊಬ್ಬನ ಕಥೆಯಲ್ಲ. ಜಪಾನಿನ ಕ್ಯಾಮರಾ ತಯಾರಕರ ಸಂಘದ ಲೆಕ್ಕದಂತೆ 2010ರಲ್ಲಿ ಜಗತ್ತಿನ ಮಾರುಕಟ್ಟೆಗೆ ಹೋದ ಡಿಜಿಟಲ್ ಕ್ಯಾಮರಾಗಳು 12 ಕೋಟಿಗೂ ಹೆಚ್ಚು, ಅವುಗಳಲ್ಲಿ ಬಹುಪಾಲು ಅಂಗೈಯಗಲದವು. 2023ರಲ್ಲಿ ಆ ಜಾತಿಯವು 20 ಲಕ್ಷವನ್ನೂ ಮುಟ್ಟಲಿಲ್ಲ. ಕ್ಯಾಮರಾ ಹೋದದ್ದಕ್ಕೆ ನನಗೆ ವ್ಯಸನವಿಲ್ಲ. ಅದರ ಆಳ್ವಿಕೆಯ ಆ ಹದಿನೈದು ವರ್ಷಗಳಲ್ಲಿ ಜನ ಹಿಂದೆಂದೂ ತೆಗೆಯದಷ್ಟು ಚಿತ್ರ ತೆಗೆದರು, ಕಾಗದಕ್ಕೆ ಮಾತ್ರ ಇಳಿಸಲಿಲ್ಲ. 1975ರ ಮದುವೆಯ ಆಲ್ಬಮ್ಮು ಅಟ್ಟದಲ್ಲಿದೆ. 2018ರ ಮದುವೆ ಫೋನಿನಲ್ಲಿದೆ. 2006ರ ನಾಮಕರಣ ಎಲ್ಲಿದೆ ಎಂದು ಮನೆಯವರನ್ನು ಕೇಳಿ ನೋಡಿ.

ಆ ಹಳ್ಳಿಗೆ ನಾನು ಮತ್ತೆ ಹೋದದ್ದು 2019ರಲ್ಲಿ. ದಾರಿ ಅಗಲವಾಗಿತ್ತು. ಬೇವಿನ ಮರವಿರಲಿಲ್ಲ, ವೀರಗಲ್ಲೂ ಇರಲಿಲ್ಲ. ಕೆರೆಯ ಏರಿಗೆ ಸಾಗಿಸಿದರೆಂದು ಒಬ್ಬರು, ರಸ್ತೆಗೆ ತುಂಬಿದ ಮಣ್ಣಿನ ಅಡಿಯಲ್ಲಿದೆಯೆಂದು ಇನ್ನೊಬ್ಬರು ಹೇಳಿದರು. ಏರಿಯ ಉದ್ದಕ್ಕೂ ನಡೆದು ನೋಡಿದೆ, ಸಿಗಲಿಲ್ಲ. ತೆರೆಯದೆ ಹೋದ ಸಿ.ಡಿ.ಗಳಲ್ಲಿ ಆ ತಾಲ್ಲೂಕಿನದೂ ಒಂದು. ಎದುರು ಮನೆಯ ಮುದುಕಿ ತೀರಿಕೊಂಡು ಮೂರು ವರ್ಷವಾಗಿತ್ತು. ಪಡಸಾಲೆಯ ಗೋಡೆಯ ಮೇಲೆ, ಪ್ಲಾಸ್ಟಿಕ್ ಮಲ್ಲಿಗೆಯ ಹಾರದ ಒಳಗೆ, ನಾನು ಕಳಿಸಿದ್ದ ಕಾಗದದ ಚಿತ್ರವಿತ್ತು. ಅವಳ ಬೆನ್ನಿಗೆ ಕಲ್ಲು. ಮಗ ಅದನ್ನು ಇಳಿಸಿ, ಗಾಜು ಒರೆಸಿ, ಬಾಗಿಲ ಬೆಳಕಿಗೆ ಹಿಡಿದುಕೊಂಡ. ನಾನು ಫೋನಿನಿಂದ ಅದರ ಚಿತ್ರ ತೆಗೆದುಕೊಂಡೆ. ಅಪ್ಸರೆಯರು ಸ್ಪಷ್ಟವಾಗಿದ್ದಾರೆ. ಮೊದಲ ಸಾಲನ್ನು ಈಗಲೂ ಓದಬಹುದು. ಎರಡನೆಯ ಸಾಲಿನಲ್ಲಿ ಐದು ಅಕ್ಷರಗಳಿವೆ. ಉಳಿದವುಗಳ ಮೇಲೆ ಅವಳ ಸೆರಗು ಬಿದ್ದಿದೆ.